ಮುಂದಿನ ವರ್ಷದ ಬ್ರಿಟಿಷ್ ಸೀರೀಸ್: ಯಾವುದಕ್ಕೆ ಕಾಯೋಣ, ಯಾವುದನ್ನು ಬಿಡೋಣ?

ಫಿಲ್ಟರ್‌ಕಾಫಿ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. 2025 ಮುಗಿಯುತ್ತಾ ಬಂತು. 2026ರಲ್ಲಿ ಏನೇನು ನೋಡಬೇಕು ಅಂತ ನಾನೂ ನನ್ನ ಹೆಂಡತಿಯೂ ಕೂತು ಪಟ್ಟಿ ಮಾಡುತ್ತಿದ್ದೇವೆ. ಮಗಳು ಮಲಗಿದ ಮೇಲೆ ನಮಗೆ ಸಿಗುವುದು ಒಂದೂವರೆ ಗಂಟೆ. ಅಷ್ಟರಲ್ಲಿ ಒಂದು ಎಪಿಸೋಡ್ ಆಗುತ್ತೆ, ಅಪರೂಪಕ್ಕೆ ಎರಡು. ಅದಕ್ಕೇ ನಮಗೆ ಬ್ರಿಟಿಷ್ ಸೀರೀಸ್ ಅಂದರೆ ಇಷ್ಟ. ಆರು ಎಪಿಸೋಡ್, ಕಥೆ ಮುಗೀತು. ಎಳೆದಾಟ ಇಲ್ಲ.

ಆದರೆ ಈ ಸಲ ಪಟ್ಟಿ ನೋಡಿ ಸ್ವಲ್ಪ ಬೇಜಾರಾಯಿತು. ಅರ್ಧಕ್ಕರ್ಧ ಹಳೆಯದೇ ವಾಪಸ್ ಬರುತ್ತಿದೆ. ಗೂಢಚಾರರ ಕಥೆ 'ದಿ ನೈಟ್ ಮ್ಯಾನೇಜರ್'ಗೆ ಹತ್ತು ವರ್ಷ ಆದ ಮೇಲೆ ಎರಡನೇ ಸೀಸನ್. ರೌಡಿ ಗ್ಯಾಂಗಿನ ಕಥೆ 'ಪೀಕಿ ಬ್ಲೈಂಡರ್ಸ್' ಮುಗಿಯಿತು ಅಂದಿದ್ದರು, ಈಗ ಸಿನಿಮಾ. 'ಲೈನ್ ಆಫ್ ಡ್ಯೂಟಿ' ಏಳನೇ ಸೀಸನ್ ಬರುತ್ತೆ ಅಂತ ಬಿಬಿಸಿ ನವೆಂಬರ್‌ನಲ್ಲಿ ಹೇಳಿದೆ. ಜೇನ್ ಆಸ್ಟಿನ್ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಅಂತೂ ಮತ್ತೊಮ್ಮೆ.

ಮುಗಿದ ಕಥೆಗೆ ಮತ್ತೆ ಜೀವ ಕೊಡುವುದು ಸರಿಯಾ? ಇದರಲ್ಲಿ ನಿಜವಾಗಿ ಕಾಯುವಂಥದ್ದು ಯಾವುದು? ಡ್ರಾಮಾ ಆದರೂ ಸರಿ, ಕಾಮಿಡಿ ಆದರೂ ಸರಿ. ಆಯಾ ತಿಂಗಳಿಗೆ ಬೇಕಾದ ಒಂದೇ ಆ್ಯಪ್‌ಗೆ ದುಡ್ಡು ಕಟ್ಟೋಣ ಅಂತಿದ್ದೇವೆ. ಅದಕ್ಕೇ ಕೇಳುತ್ತಿದ್ದೇನೆ.

ಕತ್ತಲಕೋಣೆ:
'ನೈಟ್ ಮ್ಯಾನೇಜರ್' ಬಿಡಲೇಬೇಡಿ ಗುರು. ಜನವರಿ 1ಕ್ಕೆ ಬಿಬಿಸಿಯಲ್ಲಿ ಶುರು. ಬ್ರಿಟನ್ ಹೊರಗಿನವರಿಗೆ ಜನವರಿ 11ರಿಂದ ಪ್ರೈಮ್ ವಿಡಿಯೋದಲ್ಲಿ. ಮೊದಲ ದಿನವೇ ಮೂರು ಎಪಿಸೋಡ್ ಬಿಡುತ್ತಾರೆ. ಟಾಮ್ ಹಿಡಲ್‌ಸ್ಟನ್, ಒಲಿವಿಯಾ ಕೋಲ್ಮನ್ ಇಬ್ಬರೂ ಇದ್ದಾರೆ. ಬರೆದಿರುವವರು ಮೊದಲ ಸಲದ ಡೇವಿಡ್ ಫಾರ್ ಅವರೇ. ಜನವರಿಗೆ ಪ್ರೈಮ್, ಕಣ್ಣು ಮುಚ್ಚಿ ಹಾಕಿಸಿ.

ಹಳೇದೂರದರ್ಶನ (ಮೈಸೂರು):
ನನ್ನ ಮಾತು ಬೇರೆ. ಮೊದಲ ಸೀಸನ್ 2016ರಲ್ಲಿ ಬಂದಿದ್ದು. ಜಾನ್ ಲೆ ಕ್ಯಾರೆ ಅವರ 1993ರ ಕಾದಂಬರಿ ಅದು. ಕಾದಂಬರಿ ಅಲ್ಲಿಗೆ ಮುಗಿಯಿತು. ಬರೆದವರು 2020ರಲ್ಲಿ ತೀರಿಕೊಂಡರು. ಈಗ ಬರುತ್ತಿರುವುದು ಅವರ ಪಾತ್ರಗಳು, ಅವರ ಕಥೆ ಅಲ್ಲ.

ನಿಲ್ಲಿಸುವುದು ಗೊತ್ತಿರಬೇಕು. ಹಳೆಯ ಕಾಮಿಡಿ 'ಫಾಲ್ಟಿ ಟವರ್ಸ್' ಒಟ್ಟು ಎಷ್ಟು ಎಪಿಸೋಡ್ ಗೊತ್ತಾ? ಹನ್ನೆರಡು. 1975ರಲ್ಲಿ ಆರು, 1979ರಲ್ಲಿ ಆರು. ಅಷ್ಟೇ. 'ಫ್ಲೀಬ್ಯಾಗ್' ಕೂಡ ಹನ್ನೆರಡಕ್ಕೇ ನಿಂತಿತು. ಇವತ್ತಿಗೂ ಜನ ಅವನ್ನು ನೆನೆಸಿಕೊಳ್ಳುತ್ತಾರೆ. ಇನ್ನೊಂದು ಸೀಸನ್ ಬಂದು ಕೆಟ್ಟಿದ್ದರೆ ನೆನೆಸಿಕೊಳ್ಳುತ್ತಿದ್ದರಾ?

ಲೀಡ್ಸ್‌ಕನ್ನಡತಿ:
ಸರ್, ನಿಮ್ಮ ಮಾತನ್ನು ಗೌರವದಿಂದಲೇ ಒಪ್ಪುವುದಿಲ್ಲ. 'ಹ್ಯಾಪಿ ವ್ಯಾಲಿ' ನೋಡಿದ್ದೀರಾ? ಮೊದಲ ಸೀಸನ್ 2014, ಎರಡನೆಯದು 2016. ಮೂರನೆಯದು ಬಂದಿದ್ದು 2023ರಲ್ಲಿ. ಏಳು ವರ್ಷ ಸುಮ್ಮನೆ ತಡ ಮಾಡಿದ್ದಲ್ಲ. ಕಥೆಯಲ್ಲಿ ರಯಾನ್ ಅಂತ ಒಬ್ಬ ಹುಡುಗ ಇದ್ದಾನೆ. ಅಜ್ಜಿ ಪೊಲೀಸ್, ಅಪ್ಪ ಜೈಲಿನಲ್ಲಿ. ಅಪ್ಪನನ್ನು ನೋಡಬೇಕಾ ಬೇಡವಾ ಅಂತ ಹುಡುಗ ತಾನೇ ತೀರ್ಮಾನ ಮಾಡುವ ವಯಸ್ಸಿಗೆ ಬರಬೇಕಿತ್ತು. ಅದಕ್ಕೆ ಬರಹಗಾರ್ತಿ ಸ್ಯಾಲಿ ವೈನ್‌ರೈಟ್ ಆ ಪಾತ್ರ ಮಾಡಿದ ಹುಡುಗ ನಿಜವಾಗಿಯೂ ದೊಡ್ಡವನಾಗುವವರೆಗೆ ಕಾದರು. ಬೇರೆ ಹುಡುಗನನ್ನು ಹಾಕಿಕೊಳ್ಳಲಿಲ್ಲ. ಮೂರನೇ ಸೀಸನ್‌ನಲ್ಲಿ ಆ ಮುಖ ನೋಡಿದಾಗ ನಮ್ಮ ಪಕ್ಕದ ಮನೆಯ ಮಗು ಬೆಳೆದ ಹಾಗೆ ಅನಿಸಿತು ನನಗೆ.

ನಾನು ಇಲ್ಲಿ ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಆ ಸೀರೀಸ್‌ನ ಊರುಗಳು ನಮ್ಮಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ಕಲ್ಲಿನ ಮನೆ, ಕಡಿದಾದ ಇಳಿಜಾರು, ಸದಾ ಒದ್ದೆ ರಸ್ತೆ. ಸೀರೀಸ್‌ನಲ್ಲಿ ಕಾಣುವುದು ಹಾಗೇ ಇದೆ, ಚೂರೂ ಚಂದ ಮಾಡಿ ತೋರಿಸಿಲ್ಲ. ಬರುವ ಪ್ರತಿ ಪೇಷಂಟೂ ನನ್ನನ್ನು 'ಲವ್' ಅಂತಲೇ ಕರೆಯುತ್ತಾರೆ. ಎಂಬತ್ತು ವರ್ಷದ ಅಜ್ಜನೂ ಅಷ್ಟೇ. ಮೊದಮೊದಲು ಗಾಬರಿಯಾಗುತ್ತಿತ್ತು. ಆಮೇಲೆ ಅದು ನಮ್ಮ ಕಡೆ 'ಅವ್ವಾ' 'ತಂಗೀ' ಅನ್ನುವ ಹಾಗೆ ಅಂತ ಗೊತ್ತಾಯಿತು.

ವೈನ್‌ರೈಟ್ ಅವರದೇ 'ರಾಯಟ್ ವಿಮೆನ್' ಈ ಅಕ್ಟೋಬರ್‌ನಲ್ಲಿ ಬಿಬಿಸಿಯಲ್ಲಿ ಬಂತು. ಹೆಬ್ಡನ್ ಬ್ರಿಡ್ಜ್ ಊರಿನ ಐವತ್ತು ದಾಟಿದ ಹೆಂಗಸರು ಸೇರಿ ಪಂಕ್ ಬ್ಯಾಂಡ್ ಕಟ್ಟುವ ಕಥೆ. ಮುಟ್ಟು ನಿಲ್ಲುವ ವಯಸ್ಸು, ವಯಸ್ಸಾದ ಅಮ್ಮ, ಮಾತು ಕೇಳದ ಮಕ್ಕಳು, ಎಲ್ಲ ಇದೆ. ಅಕ್ಕಂದಿರೆಲ್ಲ ನೋಡಿ.

ಕತ್ತಲಕೋಣೆ:
'ಹ್ಯಾಪಿ ವ್ಯಾಲಿ' ಕೊನೆಯ ಎಪಿಸೋಡ್ ಬಗ್ಗೆ ಯಾರೂ ಒಂದಕ್ಷರ ಬರೆಯಬೇಡಿ. ದಮ್ಮಯ್ಯ. ನೋಡದವರಿಗೆ ಅದನ್ನು ಹಾಳು ಮಾಡಬಾರದು.

ಹಳೇದೂರದರ್ಶನ:
@ಲೀಡ್ಸ್‌ಕನ್ನಡತಿ ಸರಿ ತಾಯಿ, ನೀವು ಹೇಳಿದ್ದು ಒಳ್ಳೆಯ ಉದಾಹರಣೆ. ಕಥೆಗೆ ಬೇಕು ಅಂತ ಕಾಯುವುದು ಬೇರೆ. ಹೆಸರಿದೆ, ಓಡುತ್ತೆ ಅಂತ ವಾಪಸ್ ತರುವುದು ಬೇರೆ. ನನ್ನ ತಕರಾರು ಎರಡನೆಯದಕ್ಕೆ.

ಬಾರ್ಬಿಕನ್‌ಬಸ್ಸು (ಲಂಡನ್):
ಹೆಸರಿದೆ ಅಂತ ಯಾಕೆ ತರುತ್ತಾರೆ ಅನ್ನುವುದಕ್ಕೆ ಕಾರಣ ಇದೆ. ದುಡ್ಡು. ಇಲ್ಲಿ ಬಿಬಿಸಿ ನಡೆಯುವುದು ಮುಖ್ಯವಾಗಿ ಟಿವಿ ನೋಡುವ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದ. 2025ರಲ್ಲಿ ಒಂದು ಮನೆಗೆ ವರ್ಷಕ್ಕೆ 174.50 ಪೌಂಡ್ ಇತ್ತು. ದೊಡ್ಡ ಡ್ರಾಮಾ ಮಾಡಲು ಅದು ಸಾಲುವುದಿಲ್ಲ. ಹೊರಗಿನ ಪಾಲುದಾರರು ಬೇಕು. ಅವರು ಮೊದಲು ಕೇಳುವುದೇ 'ಇದು ಬೇರೆ ದೇಶದಲ್ಲಿ ಓಡುತ್ತಾ?' ಅಂತ. ಹಳೆಯ ಹೆಸರು ಇದ್ದರೆ ಒಪ್ಪಿಸುವುದು ಸುಲಭ.

'ವುಲ್ಫ್ ಹಾಲ್' ಎರಡನೇ ಭಾಗ 2024ರ ನವೆಂಬರ್‌ನಲ್ಲಿ ಬಂತಲ್ಲ, ಅದರ ನಿರ್ದೇಶಕ ಪೀಟರ್ ಕೊಸ್ಮಿನ್‌ಸ್ಕಿ ಮುಂದೆ ಸಂಸದರ ಸಮಿತಿಗೆ ವಿಷಯ ಬಿಡಿಸಿ ಹೇಳಿದರು. ನಿರ್ಮಾಪಕ, ಬರಹಗಾರ, ನಿರ್ದೇಶಕ, ಮುಖ್ಯ ನಟ ಎಲ್ಲರೂ ತಮ್ಮ ಸಂಭಾವನೆಯಲ್ಲಿ ದೊಡ್ಡ ಪಾಲು ಬಿಟ್ಟುಕೊಟ್ಟ ಮೇಲೆಯೇ ಅದು ಮುಗಿದಿದ್ದು ಅಂತ. ಸ್ಟ್ರೀಮಿಂಗ್ ಕಂಪನಿಗಳ ಚಂದಾ ಆದಾಯದ ಮೇಲೆ ಶೇ. 5 ಸುಂಕ ಹಾಕಿ, ಆ ದುಡ್ಡಲ್ಲಿ ಇಲ್ಲಿನ ಕಥೆಗಳನ್ನು ಮಾಡಿ ಅನ್ನುವುದು ಅವರ ಬೇಡಿಕೆ. ನನಗೂ ಅದೇ ಸರಿ ಅನಿಸುತ್ತೆ. 'ಡಾಕ್ಟರ್ ಹೂ'ಗೆ ಪಾಲುದಾರನಾಗಿದ್ದ ಡಿಸ್ನಿ ಕೈಕೊಟ್ಟಿದ್ದು ಮೊನ್ನೆ ಅಕ್ಟೋಬರ್‌ನಲ್ಲಿ. ಈಗ ಬಿಬಿಸಿ ಒಂದೇ ನಿಂತು 2026ರ ಕ್ರಿಸ್‌ಮಸ್‌ಗೆ ವಿಶೇಷ ಎಪಿಸೋಡ್ ಮಾಡುತ್ತಿದೆ.

ಗೋರಂಟಿ:
ಇಷ್ಟೆಲ್ಲ ಹೇಳಿ 'ಅಡೊಲೆಸೆನ್ಸ್' ಹೆಸರು ಯಾರೂ ಎತ್ತಲಿಲ್ಲವಲ್ಲ! ಹಳೆ ಹೆಸರು ಏನೂ ಇರಲಿಲ್ಲ. ಸಹಪಾಠಿ ಹುಡುಗಿಯನ್ನು ಕೊಂದ ಅಂತ 13 ವರ್ಷದ ಹುಡುಗನನ್ನು ಪೊಲೀಸರು ಹಿಡಿಯುವ ಹೊಸ ಕಥೆ, ಹೊಸ ಹುಡುಗ, ಬರೀ ನಾಲ್ಕು ಎಪಿಸೋಡ್. ಜಗತ್ತೇ ನೋಡಿತು. ಸೆಪ್ಟೆಂಬರ್‌ನ ಮುಖ್ಯ ಸಮಾರಂಭದಲ್ಲೇ ಆರು ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಬಂತು.

ಜೋಳದರೊಟ್ಟಿ (ಧಾರವಾಡ):
ಅದು ನಿಜವಾಗಿ ನಡೆದ ಕಥೆ ಅಲ್ಲೇನ್ರಿ? ನಮ್ಮ ಗ್ರೂಪಿನಾಗ ಒಬ್ಬರು ಆ ಹುಡುಗನ ಫೋಟೋ ಅಂತ ಬೇರೆ ಕಳಿಸಿದ್ದರು.

ಲೀಡ್ಸ್‌ಕನ್ನಡತಿ:
ಅಲ್ಲ ಅಣ್ಣಾ. ಯಾವುದೋ ಒಂದು ಕೇಸಿನ ಕಥೆ ಅಲ್ಲ ಅದು. ಹುಡುಗರು ಹುಡುಗಿಯರನ್ನು ಚಾಕುವಿನಿಂದ ಇರಿದ ಸುದ್ದಿಗಳು ಮೇಲಿಂದ ಮೇಲೆ ಬಂದು ಮನಸ್ಸಿಗೆ ತಟ್ಟಿತು ಅಂತ ಹುಡುಗನ ಅಪ್ಪನ ಪಾತ್ರ ಮಾಡಿದ ಸ್ಟೀಫನ್ ಗ್ರಹಾಂ ಹೇಳಿದ್ದಾರೆ. ಅವರೂ ಜ್ಯಾಕ್ ಥಾರ್ನೂ ಸೇರಿ ಬರೆದಿದ್ದು. ಆ ಫೋಟೋ ದಯವಿಟ್ಟು ಮುಂದೆ ಕಳಿಸಬೇಡಿ. ಯಾರದೋ ಮಗುವಿನ ಫೋಟೋ ಇರುತ್ತೆ.

ಜೋಳದರೊಟ್ಟಿ:
ತಿಳೀತು ಅಕ್ಕಾ. ಡಿಲೀಟ್ ಮಾಡಿದೆ. ಗ್ರೂಪಿನಾಗೂ ಹೇಳ್ತೇನೆ.

ಫಿಲ್ಟರ್‌ಕಾಫಿ:
'ಅಡೊಲೆಸೆನ್ಸ್' ನಾವು ಎರಡು ರಾತ್ರಿಯಲ್ಲಿ ಮುಗಿಸಿದೆವು. ಒಂದೊಂದು ಎಪಿಸೋಡ್ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಮೊದಲ ಹತ್ತು ನಿಮಿಷ ಕ್ಯಾಮೆರಾ ಎಲ್ಲಿ ಹೋಗುತ್ತೆ ಅಂತ ನೋಡುತ್ತಿದ್ದೆ, ಆಮೇಲೆ ಕ್ಯಾಮೆರಾ ಮರೆತೇಹೋಯಿತು.

ಮೂರನೇ ಎಪಿಸೋಡ್ ಇಡೀ ಒಂದು ಕೋಣೆ. ಮನಃಶಾಸ್ತ್ರಜ್ಞೆ ಆ ಹುಡುಗನಿಗೆ ಬಿಸಿ ಚಾಕೊಲೇಟ್ ತರುತ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಅದರಲ್ಲಿರುವ ಪಿಕಲ್ ನನಗೆ ಇಷ್ಟ ಇಲ್ಲ ಅನ್ನುತ್ತಾನೆ ಅವನು. ಎಲ್ಲ ಮುಗಿದು ಅವನನ್ನು ಕರೆದುಕೊಂಡು ಹೋದ ಮೇಲೆ ಅವಳು ಆ ಸ್ಯಾಂಡ್‌ವಿಚ್ ಎತ್ತಲು ಹೋಗುತ್ತಾಳೆ. ಅವನು ಕಚ್ಚಿದ ಗುರುತು ಕಂಡು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಒಂದು ಮಾತಿಲ್ಲ. ನನ್ನ ಹೆಂಡತಿ ಎದ್ದು ಹೋಗಿ ಮಗಳ ರೂಮಿನ ಬಾಗಿಲು ಸ್ವಲ್ಪ ತೆಗೆದಿಟ್ಟು ಬಂದಳು.

ಗೋರಂಟಿ:
ಮೊದಲು ಶೂಟ್ ಮಾಡಿದ್ದೇ ಆ ಮೂರನೇ ಎಪಿಸೋಡ್ ಅಂತೆ. ಆ ಹುಡುಗನ ಪಾತ್ರ ಮಾಡಿದ ಓವನ್ ಕೂಪರ್‌ಗೆ ಅದು ಜೀವನದ ಮೊದಲ ನಟನೆ. 15ನೇ ವಯಸ್ಸಿಗೆ ಎಮ್ಮಿ. ನಟನೆಗೆ ಎಮ್ಮಿ ಗೆದ್ದ ಗಂಡಸರಲ್ಲೇ ಅವನಷ್ಟು ಚಿಕ್ಕವನು ಇನ್ನೊಬ್ಬನಿಲ್ಲ.

ಕತ್ತಲಕೋಣೆ:
ಹಾಗಿದ್ದರೆ 2026ಕ್ಕೆ ಇದನ್ನು ಬರೆದುಕೊಳ್ಳಿ. ಜ್ಯಾಕ್ ಥಾರ್ನ್ ಅವರದೇ 'ಲಾರ್ಡ್ ಆಫ್ ದಿ ಫ್ಲೈಸ್' ಬಿಬಿಸಿಗೆ. ನಾಲ್ಕು ಎಪಿಸೋಡ್. ವಿಲಿಯಂ ಗೋಲ್ಡಿಂಗ್ ಕಾದಂಬರಿ ಬಂದಿದ್ದು 1954ರಲ್ಲಿ. ಸಿನಿಮಾ ಆಗಿದೆ, ಟಿವಿಗೆ ಇದೇ ಮೊದಲು. ಮಲೇಷ್ಯಾದಲ್ಲಿ ಶೂಟಿಂಗ್. ದೊಡ್ಡವರಿಲ್ಲದ ದ್ವೀಪದಲ್ಲಿ ಹುಡುಗರು ಹೇಗೆ ಕ್ರೂರಿಗಳಾಗುತ್ತಾರೆ ಅನ್ನುವ ಕಥೆ. 'ಅಡೊಲೆಸೆನ್ಸ್' ಬರೆದ ಕೈ ಇದನ್ನು ಹೇಗೆ ಬರೆಯುತ್ತೆ ಅಂತ ನೋಡಲು ನಾನು ಕಾಯುತ್ತಿದ್ದೇನೆ.

ಹಳೇದೂರದರ್ಶನ:
ಅದು ನಾನೂ ನೋಡುತ್ತೇನೆ. ಕಾಲೇಜಿನಲ್ಲಿ ಪಠ್ಯವಾಗಿ ಓದಿದ್ದು.

ಜೋಳದರೊಟ್ಟಿ:
'ಲೈನ್ ಆಫ್ ಡ್ಯೂಟಿ' ಯಾವಾಗ ರೀ? ಬೆಲ್‌ಫಾಸ್ಟ್ ಪೊಲೀಸರ ಕಥೆ ಅಲ್ಲೇನು ಅದು?

ಬೆಲ್‌ಫಾಸ್ಟ್‌ಮಳೆ:
ಬೆಲ್‌ಫಾಸ್ಟ್ ಅಂತ ಕೇಳಿದ ತಕ್ಷಣ ಬಂದೆ. ನಾನು ಇಲ್ಲಿ ನರ್ಸ್, ಆರು ವರ್ಷವಾಯಿತು. 'ಲೈನ್ ಆಫ್ ಡ್ಯೂಟಿ' ಇಲ್ಲಿ ಶೂಟ್ ಆಗುತ್ತೆ ಅಷ್ಟೇ. ಕಥೆಯಲ್ಲಿ ಊರಿನ ಹೆಸರೇ ಹೇಳುವುದಿಲ್ಲ. ಪೊಲೀಸರೊಳಗಿನ ಭ್ರಷ್ಟರನ್ನು ಹಿಡಿಯುವ ತಂಡದ ಕಥೆ. ಹೊಸ ಸೀಸನ್ ಶೂಟಿಂಗ್ 2026ರ ವಸಂತಕ್ಕೆ ಶುರು. ಅಂದರೆ ಕೈಗೆ ಸಿಗಲು ಇನ್ನೂ ಕಾಯಬೇಕು. ವಿಚಾರಣೆ ಶುರುವಾಗುವ ಮೊದಲು ರೆಕಾರ್ಡರ್ ಒಂದು ಉದ್ದ ಸದ್ದು ಮಾಡುತ್ತೆ ನೋಡಿ, ಆ ಸದ್ದು ಕೇಳಿದರೆ ಸಾಕು, ನಮ್ಮ ವಾರ್ಡಿನ ಹುಡುಗಿಯರೆಲ್ಲ ನೆಟ್ಟಗೆ ಕೂರುತ್ತಿದ್ದರು. 2021ರ ಕೊನೆಯ ಎಪಿಸೋಡ್ ಅನ್ನು ಒಂದೂಕಾಲು ಕೋಟಿಗೂ ಹೆಚ್ಚು ಜನ ಅದೇ ರಾತ್ರಿ ನೋಡಿದರು.

ಬೆಲ್‌ಫಾಸ್ಟ್ ಕಥೆ ಬೇಕಾದರೆ 'ಬ್ಲೂ ಲೈಟ್ಸ್' ನೋಡಿ. ಹೊಸದಾಗಿ ಸೇರಿದ ಮೂವರು ಪೊಲೀಸರು. ಬರೆದ ಇಬ್ಬರೂ ಮೊದಲು ಪತ್ರಕರ್ತರು, ಅದಕ್ಕೇ ಬೀದಿ ಬೀದಿ ಗೊತ್ತಿದೆ. ಒಂದು ಸಣ್ಣ ವಿಷಯ ಹೇಳುತ್ತೇನೆ. ಅದರಲ್ಲಿ ಪೊಲೀಸರು ಮನೆಯಿಂದ ಹೊರಡುವ ಮೊದಲು ಬಗ್ಗಿ ಕಾರಿನ ಕೆಳಗೆ ನೋಡುತ್ತಾರೆ. ಬಾಂಬ್ ಇದೆಯಾ ಅಂತ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಚಪ್ಪಲಿ ಹಾಕಿಕೊಂಡ ಹಾಗೆ ನೋಡಿ ಹೊರಡುತ್ತಾರೆ. ದಶಕಗಳ ಹಿಂಸೆಯ ನಂತರ ಇಲ್ಲಿ ಉತ್ತರ ಐರ್ಲೆಂಡ್‌ನಲ್ಲಿ ಶಾಂತಿ ಒಪ್ಪಂದ ಆಗಿದ್ದು 1998ರಲ್ಲಿ. ಆದರೂ ತಾನು ಪೊಲೀಸ್ ಅಂತ ನೆರೆಮನೆಗೆ ಹೇಳದವರು ಇವತ್ತಿಗೂ ಇದ್ದಾರೆ. ಈ ವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಅತ್ಯುತ್ತಮ ಡ್ರಾಮಾ ಅದಕ್ಕೇ ಬಂತು. ಮೂರನೇ ಸೀಸನ್ ಮೊನ್ನೆ ಮುಗಿಯಿತು. ನಾಲ್ಕನೆಯದಕ್ಕೂ ಒಪ್ಪಿಗೆ ಸಿಕ್ಕಿದೆ.

ಬರುವ ಫೆಬ್ರವರಿಗೆ ನೆಟ್‌ಫ್ಲಿಕ್ಸ್‌ನಲ್ಲಿ 'ಹೌ ಟು ಗೆಟ್ ಟು ಹೆವನ್ ಫ್ರಮ್ ಬೆಲ್‌ಫಾಸ್ಟ್'. 'ಡೆರಿ ಗರ್ಲ್ಸ್' ಬರೆದ ಲೀಸಾ ಮಗೀ ಅವರದು. ಶಾಲೆಯ ಹಳೆ ಗೆಳತಿ ಸತ್ತಳು ಅಂತ ಮೂವರು ಹೆಂಗಸರು ಹೊರಡುತ್ತಾರೆ, ಅಲ್ಲಿಂದ ಗೋಜಲು ಶುರು. ನಗುವೂ ಇದೆ, ನಿಗೂಢವೂ ಇದೆ. ಇಲ್ಲಿಯವರು ಸಾವಿನ ಮನೆಯಲ್ಲೂ ಚಹಾ, ಸ್ಯಾಂಡ್‌ವಿಚ್ ಹಂಚಿಕೊಂಡು ಸತ್ತವರ ಕಥೆ ಹೇಳಿ ನಗುತ್ತಾರೆ. ಅದನ್ನು ಮಗೀ ಅವರಷ್ಟು ಚೆನ್ನಾಗಿ ಬರೆಯುವವರು ಬೇರೆ ಯಾರೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಡ್ಲತೀರ (ಕುಂದಾಪುರ):
'ಡೆರಿ ಗರ್ಲ್ಸ್' ನನಗೆ ಒಂದು ಮಾತೂ ಅರ್ಥ ಆಗಲಿಲ್ಲ. ಎಂಥ ಸ್ಪೀಡ್ ಮಾರಾಯ್ರೆ.

ಬೆಲ್‌ಫಾಸ್ಟ್‌ಮಳೆ:
ಸಬ್‌ಟೈಟಲ್ ಹಾಕಿಕೊಳ್ಳಿ. ಇಂಗ್ಲೆಂಡಿನವರೇ ಹಾಕಿಕೊಂಡು ನೋಡುತ್ತಾರೆ. ಮೊದಲ ತಿಂಗಳು ನನಗೂ ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. 'ವೀ' ಅಂದರೆ ಚಿಕ್ಕದು, 'ಪೀಲರ್' ಅಂದರೆ ಪೊಲೀಸ್. ಹತ್ತು ಪದ ಕಲಿತರೆ ಸೀರೀಸ್ ಸುಲಭವಾಗುತ್ತೆ.

ಕಡ್ಲತೀರ:
ಬೇರೆ ಊರಿನವರು ನಮ್ಮ ಕುಂದಾಪ್ರ ಕನ್ನಡಕ್ಕೆ ಹೇಳುವುದೂ ಇದನ್ನೇ. ಸರಿ, ಸಬ್‌ಟೈಟಲ್ ಹಾಕಿ ಇನ್ನೊಂದು ಸಲ ನೋಡ್ತೆ.

ಪದಬಂಧ:
ಕಾಮಿಡಿ ಬಗ್ಗೆ ಹೇಳಿ ಯಾರಾದರೂ. ಕೊಲೆ, ಪೊಲೀಸ್ ಸಾಕಾಯಿತು. ನನ್ನ ಕಡೆಯಿಂದ ಒಂದು: 'ಲುಡ್ವಿಗ್' ಎರಡನೇ ಸೀಸನ್ ಬರುತ್ತಿದೆ. ಡೇವಿಡ್ ಮಿಚೆಲ್ ಅದರಲ್ಲಿ ಒಗಟು, ಪದಬಂಧ ತಯಾರಿಸುವ ಒಂಟಿ ಮನುಷ್ಯ. ಅವಳಿ ಅಣ್ಣ-ತಮ್ಮಂದಿರಲ್ಲಿ ಒಬ್ಬ ಕೇಂಬ್ರಿಜ್‌ನಲ್ಲಿ ಪತ್ತೇದಾರ, ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತಾನೆ. ಇವನು ಅವನ ವೇಷದಲ್ಲಿ ಸ್ಟೇಷನ್‌ಗೆ ಹೋಗಬೇಕಾಗುತ್ತೆ. ಕೇಸುಗಳನ್ನು ಪದಬಂಧ ಬಿಡಿಸಿದ ಹಾಗೆ ಬಿಡಿಸುತ್ತಾನೆ. ಪೇಪರ್ ಬಂದ ತಕ್ಷಣ ಪೆನ್ಸಿಲ್ ಹುಡುಕುವವರಿಗೆಲ್ಲ ಇದು ಹಬ್ಬ.

ಕತ್ತಲಕೋಣೆ:
ಕೊಲೆ ಸಾಕು ಅಂದು ಕೊಲೆಯದೇ ಹೇಳಿದಿರಲ್ಲ!

ಪದಬಂಧ:
ಇದು ರಕ್ತ ತೋರಿಸುವ ಕೊಲೆ ಅಲ್ಲ ಮಾರಾಯ. ಮನೆಮಂದಿಯೆಲ್ಲ ಕೂತು ನೋಡಬಹುದು.

ಬಾರ್ಬಿಕನ್‌ಬಸ್ಸು:
ಕಾಮಿಡಿಯಲ್ಲಿ ನಾನು ಕಾಯುತ್ತಿರುವುದು 'ಸ್ಮಾಲ್ ಪ್ರಾಫೆಟ್ಸ್'. ಮೆಕೆಂಜಿ ಕ್ರುಕ್ ಬರೆದು ನಿರ್ದೇಶಿಸಿದ್ದು, ಬಿಬಿಸಿಗೆ. ಪ್ರೀತಿಸಿದವಳು ಕಾಣೆಯಾಗಿ ವರ್ಷಗಳಾದ ಒಬ್ಬ ಮನುಷ್ಯ. ಅವನ ವಯಸ್ಸಾದ ಅಪ್ಪನಾಗಿ ಮೈಕೆಲ್ ಪೇಲಿನ್. ಭವಿಷ್ಯ ಹೇಳುವ ಪುಟ್ಟ ಪುಟ್ಟ ಜೀವಗಳನ್ನು ಮನೆಯಲ್ಲೇ ತಯಾರಿಸುವ ಹಳೆಯ ವಿಧಾನ ಅಪ್ಪನಿಂದ ಮಗನಿಗೆ ಸಿಗುತ್ತೆ. ಕೇಳಲು ವಿಚಿತ್ರ. ಆದರೆ ಕ್ರುಕ್ ಮೇಲೆ ನನಗೆ ಪೂರ್ತಿ ನಂಬಿಕೆ.

ಯಾಕೆ ಅಂದರೆ ಅವರು 'ಡಿಟೆಕ್ಟರಿಸ್ಟ್ಸ್' ಮಾಡಿದವರು. ಇಬ್ಬರು ಗೆಳೆಯರು, ಕೈಯಲ್ಲಿ ಲೋಹ ಪತ್ತೆ ಮಾಡುವ ಯಂತ್ರ, ಕಣ್ಣು ಹಾಯಿಸಿದಷ್ಟೂ ಹೊಲ. ಸಾಕ್ಸನ್ ಕಾಲದ ಚಿನ್ನ ಸಿಗಬೇಕು ಅಂತ ಆಸೆ. ಸಿಗುವುದು ತಗಡಿನ ಡಬ್ಬಿಯ ಮುಚ್ಚಳದ ರಿಂಗು, ಹಳೆ ಗುಂಡಿ. ಮಧ್ಯಾಹ್ನ ಮರದ ಕೆಳಗೆ ಕೂತು ಫ್ಲಾಸ್ಕ್‌ನಿಂದ ಚಹಾ ಬಗ್ಗಿಸಿಕೊಂಡು ನಿನ್ನೆ ರಾತ್ರಿಯ ಕ್ವಿಜ್ ಬಗ್ಗೆ ಮಾತಾಡುತ್ತಾರೆ. ಅಷ್ಟೇ ಕಥೆ. ಯಾರೂ ಯಾರನ್ನೂ ಹೀಯಾಳಿಸುವುದಿಲ್ಲ. ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ಮೂರು ತಿಂಗಳು ನಾನು ದಿನಕ್ಕೊಂದು ಎಪಿಸೋಡ್ ನೋಡಿದೆ. ಬೆಳಿಗ್ಗೆ ಏಳಲು ಒಂದು ಕಾರಣ ಕೊಟ್ಟಿದ್ದು ಅದು.

ಅಂಚೆಚೀಟಿ (ಶಿವಮೊಗ್ಗ):
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬರುವ ಸೀರೀಸ್ ಅಲ್ಲ, ಬಂದದ್ದು ಒಂದನ್ನು ಹೇಳುತ್ತೇನೆ. 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್'. ಐಟಿವಿಯಲ್ಲಿ 2024ರ ಜನವರಿಯಲ್ಲಿ ನಾಲ್ಕು ರಾತ್ರಿ ಸಾಲಾಗಿ ಬಂತು. ನಿಜವಾಗಿ ನಡೆದದ್ದು. ಹಳ್ಳಿಗಳಲ್ಲಿ ಅಂಗಡಿ ಜೊತೆ ಪೋಸ್ಟ್ ಆಫೀಸ್ ನಡೆಸುವವರಿಗೆ 'ಹೊರೈಜನ್' ಅಂತ ಕಂಪ್ಯೂಟರ್ ವ್ಯವಸ್ಥೆ ಕೊಟ್ಟರು. ಅದು ತಪ್ಪು ಲೆಕ್ಕ ತೋರಿಸಿತು. ದುಡ್ಡು ಕಮ್ಮಿ ಇದೆ, ನೀವೇ ಕದ್ದಿದ್ದೀರಿ ಅಂದರು. 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ಕೆಲವರು ಜೀವ ಕಳೆದುಕೊಂಡರು. ಅದರಲ್ಲಿ ಭಾರತದಿಂದ ಹೋಗಿ ಅಂಗಡಿ ಇಟ್ಟುಕೊಂಡವರೂ ಬಹಳ ಮಂದಿ.

ನಮ್ಮ ಅಪ್ಪ ಮೂವತ್ತು ವರ್ಷ ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್. ನಮ್ಮ ಮನೆಯ ಜಗುಲಿಯೇ ಆಫೀಸು. ಸಂಜೆ ಲೆಕ್ಕ ತಾಳೆಯಾಗದೆ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ಒಮ್ಮೆ ಎಂಟು ರೂಪಾಯಿ ಸಿಗಲಿಲ್ಲ ಅಂತ ರಾತ್ರಿ ಹನ್ನೊಂದರವರೆಗೂ ಲಾಟೀನು ಇಟ್ಟುಕೊಂಡು ಕೂತಿದ್ದರು. ಅಮ್ಮ ತನ್ನ ಡಬ್ಬಿಯಿಂದ ಹಾಕುತ್ತೇನೆ ಅಂದರೂ ಒಪ್ಪಲಿಲ್ಲ.

ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಆ ಸೀರೀಸ್ ತೋರಿಸಿದೆ. ಜೋ ಹ್ಯಾಮಿಲ್ಟನ್ ಅನ್ನುವ ಹೆಂಗಸು ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದ ಗುಂಡಿ ಒತ್ತುತ್ತಾಳೆ. ಅವಳ ಕಣ್ಣೆದುರೇ ಕಮ್ಮಿ ಇರುವ ಮೊತ್ತ ಎರಡರಷ್ಟಾಗುತ್ತೆ. ಅಪ್ಪ ಎದ್ದು ನಿಂತರು. 'ನಿಲ್ಲಿಸು' ಅಂದರು. ನೀರು ಕುಡಿದು ಬಂದು 'ಹಾಕು' ಅಂದರು. ಹೀಗಾಗುತ್ತಿರುವುದು ನಿಮಗೊಬ್ಬರಿಗೇ ಅಂತ ಎಲ್ಲರಿಗೂ ಹೇಳಿದ್ದರಲ್ಲ, ಅದು ಅಪ್ಪನಿಗೆ ತಡೆಯಲಾಗಲಿಲ್ಲ. 'ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಾಡಿದರಲ್ಲ' ಅಂತ ರಾತ್ರಿಯೆಲ್ಲ ಅದೇ ಮಾತು.

ಲೀಡ್ಸ್‌ಕನ್ನಡತಿ:
ಓದಿ ಕಣ್ಣು ತುಂಬಿತು. ಆ ನಾಲ್ಕು ರಾತ್ರಿ ಇಲ್ಲಿ ಎಲ್ಲಿ ಹೋದರೂ ಅದೇ ಮಾತು. ಪತ್ರಿಕೆಗಳು ವರ್ಷಗಟ್ಟಲೆ ಬರೆದಿದ್ದವು, ಕೋರ್ಟಿನಲ್ಲಿ ಗೆದ್ದೂ ಆಗಿತ್ತು. ಆದರೂ ಬಹಳ ಜನಕ್ಕೆ ಮನಸ್ಸಿಗೆ ತಟ್ಟಿದ್ದು ಸೀರೀಸ್ ಬಂದ ಮೇಲೆ. ಅದೇ ವರ್ಷ ಮೇ ತಿಂಗಳಿಗೆ ಸಂಸತ್ತು ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಿತು.

ಹಳೇದೂರದರ್ಶನ:
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಾರ್ಬಿಕನ್‌ಬಸ್ಸು:
@ಅಂಚೆಚೀಟಿ ಅವರೆಲ್ಲರ ಪರ ಹೋರಾಡಿದ ಬೇಟ್ಸ್ ಪಾತ್ರ ಮಾಡಿದ ಟೋಬಿ ಜೋನ್ಸ್ ಇದ್ದಾರಲ್ಲ, 'ಡಿಟೆಕ್ಟರಿಸ್ಟ್ಸ್'ನ ಇಬ್ಬರು ಗೆಳೆಯರಲ್ಲಿ ಒಬ್ಬರು ಅವರೇ. ಅಪ್ಪನಿಗೆ ತೋರಿಸಿ. ಇಷ್ಟವಾಗುತ್ತೆ.

ಗೋರಂಟಿ:
ಭಾರತದವರು ಅಂದಿರಿ, ನೆನಪಾಯಿತು. ಬ್ರಿಟಿಷ್ ಟಿವಿಯಲ್ಲಿ ನಮ್ಮವರನ್ನು ತೋರಿಸುವ ರೀತಿ ಬದಲಾಗಿದೆಯಾ? ನಮ್ಮ ಮನೆಯಲ್ಲಿ ಎಲ್ಲರಿಗೂ ವಿದೇಶಿಯರು ಇಂಗ್ಲಿಷ್ ಕಲಿಯುವ ತರಗತಿಯ ಕಾಮಿಡಿ 'ಮೈಂಡ್ ಯುವರ್ ಲ್ಯಾಂಗ್ವೇಜ್' ಇಷ್ಟ. ನನಗೆ ಈಗ ನೋಡಿದರೆ ಮುಜುಗರವಾಗುತ್ತೆ.

ಹಳೇದೂರದರ್ಶನ:
ಅದರಲ್ಲಿ ಮುಜುಗರ ಯಾಕೆ? ಎಲ್ಲ ದೇಶದವರನ್ನೂ ತಮಾಷೆ ಮಾಡಿದ್ದಾರೆ.

ಗೋರಂಟಿ:
ಅದು 1977ರ ಕಾಲದ್ದು ಸರ್, ಒಪ್ಪುತ್ತೇನೆ. ಆದರೆ ಅಲ್ಲಿ ನಗು ಬರುವುದು ನಮ್ಮ ಮಾತಿನ ಧಾಟಿಗೆ. 1998ರಲ್ಲಿ 'ಗುಡ್ನೆಸ್ ಗ್ರೇಷಿಯಸ್ ಮಿ' ಬಂದಾಗ ಅದೇ ನಗು ತಿರುಗಿತು. ಮುಂಬೈನ ಗೆಳೆಯರು ರಾತ್ರಿ ಇಂಗ್ಲಿಷ್ ಊಟದ ಹೋಟೆಲಿಗೆ ಹೋಗಿ, ಇರುವುದರಲ್ಲೇ ಸಪ್ಪೆಯದು ಯಾವುದು ಕೊಡಿ ಅಂತ ಜಂಬದಿಂದ ಕೇಳುತ್ತಾರೆ. ಇಂಗ್ಲಿಷರು ಕುಡಿದು ಕರಿ ಹೋಟೆಲಿಗೆ ಹೋಗಿ ಖಾರದ್ದು ಕೇಳುವುದನ್ನು ಹಾಗೇ ಉಲ್ಟಾ ಮಾಡಿದ್ದು. ಬರೆದು ನಟಿಸಿದವರು ಹೆಚ್ಚಾಗಿ ಬ್ರಿಟನ್ನಿನಲ್ಲೇ ನೆಲೆಸಿದ ಭಾರತೀಯ ಮೂಲದವರು. ಅವರಲ್ಲಿ ಒಬ್ಬರಾದ ಮೀರಾ ಸಿಯಾಲ್‌ಗೆ 2023ರಲ್ಲಿ ಬಾಫ್ಟಾ ಫೆಲೋಶಿಪ್ ಕೊಟ್ಟರು.

ಕತ್ತಲಕೋಣೆ:
ಅದೇ ತಂಡದ ಸಂಜೀವ್ ಭಾಸ್ಕರ್ ಈಗ 'ಅನ್‌ಫಾರ್‌ಗಾಟನ್'ನಲ್ಲಿ ಸನ್ನಿ ಖಾನ್. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಡೆದು ಬರುವ ಪತ್ತೇದಾರ. ಅವನು ಏಷ್ಯಾದವನು ಅನ್ನುವುದೇ ಕಥೆಯಲ್ಲ. ಹಳೆಯ ಮೂಳೆ ಸಿಗುತ್ತೆ, ಸಂಬಂಧವೇ ಇಲ್ಲದ ಕೆಲವರ ಬದುಕು ತೋರಿಸುತ್ತಾರೆ, ನಿಧಾನಕ್ಕೆ ಎಲ್ಲ ಒಂದು ಕಡೆ ಬಂದು ಸೇರುತ್ತೆ. ಏಳನೇ ಸೀಸನ್ ಬರಲಿದೆ. ಇದಕ್ಕೂ ಕಾಯಬಹುದು.

ಕಡ್ಲತೀರ:
'ನೈಟ್ ಮ್ಯಾನೇಜರ್' ಹಿಂದಿಯದು ನೋಡಿದ್ದೇನೆ, ಅನಿಲ್ ಕಪೂರ್ ಇದ್ದದ್ದು. ಇಂಗ್ಲಿಷಿನದು ಮೊದಲಿಂದ ನೋಡಬೇಕಾ?

ಕತ್ತಲಕೋಣೆ:
ನೋಡಲೇಬೇಕು. ಹಿಂದಿಯದು ತುಂಬ ಬದಲಾಗಿದೆ. ಎರಡನೇ ಸೀಸನ್‌ಗೆ ಇಂಗ್ಲಿಷಿನ ಮೊದಲ ಆರು ಎಪಿಸೋಡ್ ಬೇಕು.

ಜೋಳದರೊಟ್ಟಿ:
ಪೀಕಿ ಸಿನಿಮಾ ಬಗ್ಗೆ ಯಾರಾದರೂ ಹೇಳ್ರಿ. ನನಗೆ ಅದೇ ಬೇಕು.

ಬಾರ್ಬಿಕನ್‌ಬಸ್ಸು:
ಮಾರ್ಚ್ 6ಕ್ಕೆ ಕೆಲವು ಥಿಯೇಟರ್‌ಗಳಲ್ಲಿ, ಮಾರ್ಚ್ 20ಕ್ಕೆ ನೆಟ್‌ಫ್ಲಿಕ್ಸ್. ಎರಡನೇ ಮಹಾಯುದ್ಧದ ಕಾಲ, ಕಿಲಿಯನ್ ಮರ್ಫಿ ಇದ್ದೇ ಇರುತ್ತಾರೆ. ಅದಾದ ಮೇಲೆ 1953ರ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುವ ಹೊಸ ಸೀಸನ್‌ಗಳೂ ಬರಲಿವೆ. ಈ ಕಡೆ ಬಂದರೆ ಡಡ್ಲಿಯ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂಗೆ ಹೋಗಿ. ಸೀರೀಸ್‌ನ ಕಾಲುವೆ ಪಕ್ಕದ ಯಾರ್ಡ್ ಅಲ್ಲೇ ಇದೆ. ಕಮ್ಮಾರಸಾಲೆ, ಹಳೆ ಅಂಗಡಿ, ಕಲ್ಲಿದ್ದಲ ಹೊಗೆಯ ವಾಸನೆ ಎಲ್ಲ ಹಾಗೇ.

ಮತ್ತೆ 'ಸ್ಲೋ ಹಾರ್ಸಸ್' ಹೆಸರು ಬರಲಿಲ್ಲ, ಇದು ಅನ್ಯಾಯ! ಗ್ಯಾರಿ ಓಲ್ಡ್‌ಮನ್. 2022ರಿಂದ ಐದು ಸೀಸನ್ ಬಂದಿದೆ, ಪ್ರತಿಯೊಂದೂ ಆರೇ ಎಪಿಸೋಡ್. ಆರನೆಯದು ಶೂಟ್ ಆಗಿಹೋಗಿದೆ, ಏಳಕ್ಕೂ ಒಪ್ಪಿಗೆ ಸಿಕ್ಕಿದೆ. ಕೆಲಸದಲ್ಲಿ ಎಡವಿದ ಗೂಢಚಾರರನ್ನು ತಳ್ಳಿರುವ ಮುರುಕಲು ಆಫೀಸಿನ ಕಥೆ. ಬಾರ್ಬಿಕನ್ ಸ್ಟೇಷನ್ ಹತ್ತಿರ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಆ ಕಟ್ಟಡ ಇದೆ. ದಿನಾ ಅದರ ಮುಂದೆ ಹಾದು ಹೋಗುತ್ತೇನೆ. ಬಾಗಿಲ ಮುಂದೆ ಯಾರಾದರೂ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ.

ಪದಬಂಧ:
ಅದರಲ್ಲಿ ರಿವರ್ ಪಾತ್ರ ಮಾಡುವ ಜ್ಯಾಕ್ ಲೋಡನ್ ಅವರೇ ಹೊಸ 'ಪ್ರೈಡ್ ಅಂಡ್ ಪ್ರೆಜುಡಿಸ್'ಗೆ ನಾಯಕ ಡಾರ್ಸಿ. ಎಮ್ಮಾ ಕೊರಿನ್ ನಾಯಕಿ ಎಲಿಜಬೆತ್, ಒಲಿವಿಯಾ ಕೋಲ್ಮನ್ ಅವಳ ಅಮ್ಮ. ನೆಟ್‌ಫ್ಲಿಕ್ಸ್, ಆರು ಎಪಿಸೋಡ್.

ಹಳೇದೂರದರ್ಶನ:
1995ರ ಬಿಬಿಸಿಯದು ಇರುವಾಗ ಇನ್ನೊಂದು ಯಾಕೆ?

ಪದಬಂಧ:
ಜೇನ್ ಆಸ್ಟಿನ್ ಹುಟ್ಟಿ ಈ ಡಿಸೆಂಬರ್ 16ಕ್ಕೆ 250 ವರ್ಷ ಆಯಿತು ಸರ್. ಗದುಗಿನ ಭಾರತವನ್ನು ಒಬ್ಬರೇ ಗಮಕಿ ಹಾಡಬೇಕು ಅಂತ ಇದೆಯಾ? ಒಳ್ಳೆಯದನ್ನು ಒಂದೊಂದು ತಲೆಮಾರೂ ತನ್ನ ಧ್ವನಿಯಲ್ಲಿ ಹಾಡಲಿ ಬಿಡಿ.

ಹಳೇದೂರದರ್ಶನ:
ಗಮಕದ ಮಾತು ತೆಗೆದು ನನ್ನ ಬಾಯಿ ಕಟ್ಟಿದಿರಿ. ಮೊದಲ ಎಪಿಸೋಡ್ ನೋಡುತ್ತೇನೆ.

ಫಿಲ್ಟರ್‌ಕಾಫಿ:
ಎಲ್ಲರಿಗೂ ಬಹಳ ಥ್ಯಾಂಕ್ಸ್. ನಮ್ಮ ತೀರ್ಮಾನ ಹೀಗಾಯಿತು. ಜನವರಿಗೆ ಪ್ರೈಮ್ ಹಾಕಿಸಿ 'ನೈಟ್ ಮ್ಯಾನೇಜರ್' ಹಳೆಯದು, ಹೊಸದು ಎರಡೂ. ಫೆಬ್ರವರಿ, ಮಾರ್ಚ್ ನೆಟ್‌ಫ್ಲಿಕ್ಸ್, ಬೆಲ್‌ಫಾಸ್ಟ್ ಅಕ್ಕಂದಿರ ಕಥೆಗೆ. 'ಲಾರ್ಡ್ ಆಫ್ ದಿ ಫ್ಲೈಸ್' ಸಿಕ್ಕ ದಿನವೇ. ಹೆಂಡತಿ 'ಲುಡ್ವಿಗ್' ಪಟ್ಟಿಗೆ ಸೇರಿಸಿ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಅಂಚೆಚೀಟಿ:
ನಿನ್ನೆ ರಾತ್ರಿ ಅಪ್ಪನಿಗೆ 'ಡಿಟೆಕ್ಟರಿಸ್ಟ್ಸ್' ಮೊದಲ ಎಪಿಸೋಡ್ ಹಾಕಿದೆ. ಟೋಬಿ ಜೋನ್ಸ್ ಕಂಡ ತಕ್ಷಣ 'ಅರೆ, ನಮ್ಮ ಪೋಸ್ಟ್ ಮಾಸ್ಟರ್' ಅಂದರು. ಹೊಲದ ಅಂಚಲ್ಲಿ ಅವರು ಫ್ಲಾಸ್ಕ್ ತೆಗೆದಾಗ ಅಮ್ಮನಿಗೆ ಕಾಫಿ ಕೇಳಿದರು. ಇವತ್ತು ಎಂಟಕ್ಕೇ ಊಟ ಮುಗಿಸಿ ಎರಡನೆಯದು ಹಾಕಬೇಕಂತೆ.